ಅಚ್ಚು ಹಾಕುವ ಕೈಯ ಹೊಣೆ



ಚಿಕ್ಕಮಗಳೂರು, ಮೂಡಿಗೆರೆ, ಕಳಸ ಎಂಬ ಈ ಕಾಫಿಯ ಗುಡ್ಡಗಳಲ್ಲಿ ವಾಸಿಸುವ ನಮ್ಮ ಕುಟುಂಬಗಳಲ್ಲಿ ಅನೇಕರ ಹಿರಿಯರು ತೋಟದ ಕೂಲಿಯಿಂದಲೇ ಜೀವಿಸಿದರು. ಬೆಳಿಗ್ಗೆ ಗಂಟೆ ಕೇಳಿದೊಡನೆ ಎದ್ದು, ಮೇಸ್ತ್ರಿಯ ಮುಂದೆ ನಿಂತು, ಸಂಜೆ ರೈಟರನ ಪುಸ್ತಕದಲ್ಲಿ ಹಾಜರಿ ಬರೆಸಿಕೊಂಡು ಲೈನಿನ ಮನೆಗೆ ಮರಳುವದು ಅವರ ದಿನಚರಿಯಾಗಿತ್ತು. ಈಗ ಅವರ ಮಕ್ಕಳಲ್ಲಿಯೂ ಮೊಮ್ಮಕ್ಕಳಲ್ಲಿಯೂ ಕೆಲವರು ಬೇರೆ ಕಸಬುಗಳನ್ನು ಹಿಡಿದಿದ್ದಾರೆ. ಒಬ್ಬನು ಅಂಗಡಿಗಳ ಹಲಗೆ ಬರೆಯುತ್ತಾನೆ. ಮತ್ತೊಬ್ಬನು ಗುಡ್ಡ, ಹೊಳೆ, ಹಕ್ಕಿಗಳ ಚಿತ್ರ ಬರೆದು ಪ್ರವಾಸಿಗಳಿಗೆ ಮಾರುತ್ತಾನೆ. ಇನ್ನೊಬ್ಬನು ಸ್ಕ್ರೀನ್ ಅಚ್ಚಿನಿಂದ ಮದುವೆಯ ಕರೆಯೋಲೆ, ಬಟ್ಟೆಯ ಚೀಲ, ಶಾಲೆಯ ಅಂಗಿ, ಕಾಫಿಪುಡಿಯ ಪೊಟ್ಟಣ ಮುಂತಾದವುಗಳನ್ನು ಮುದ್ರಿಸುತ್ತಾನೆ. ಸಣ್ಣ ಪೇಟೆಯಲ್ಲಿ ಒಂದೇ ಕಸಬು ಹೊಟ್ಟೆಗೆ ಸಾಲದಾದಕಾರಣ ಈ ಮೂರನ್ನೂ ಒಬ್ಬನೇ ಮಾಡುವದುಂಟು.

ಇಂಥವನನ್ನು ಕಂಡವರು, ಇವನಿಗೆ ಗಂಟೆಯೂ ಇಲ್ಲ, ಮೇಸ್ತ್ರಿಯೂ ಇಲ್ಲ, ಇವನೇ ಸ್ವತಂತ್ರನು ಎನ್ನುತ್ತಾರೆ. ಈ ಮಾತು ಎಷ್ಟರ ಮಟ್ಟಿಗೆ ನಿಜವೆಂಬದು ನಾವು ವಿಚಾರಿಸತಕ್ಕ ಮೊದಲನೆಯ ಪ್ರಶ್ನೆ. ಪರರ ಮಾತಿಗೆ ಪರರ ಹಣ ತೆಗೆದುಕೊಂಡು ಅವನ ಕೈ ಮುದ್ರಿಸಿದ್ದಕ್ಕೆ ಉತ್ತರ ಕೊಡತಕ್ಕವನು ಯಾರೆಂಬದು ಎರಡನೆಯ ಪ್ರಶ್ನೆ. ಇವೆರಡೂ ಬೇರೆ ಬೇರೆಯಾಗಿ ತೋರಿದರೂ ಒಂದೇ ಬೇರಿನಿಂದ ಹುಟ್ಟಿದವುಗಳೆಂದು ನಮಗೆ ಕಾಣುತ್ತದೆ.

ಈ ಕೆಲಸವನ್ನು ನೋಡದವರಿಗಾಗಿ ಅದರ ರೀತಿಯನ್ನು ಮೊದಲು ಹೇಳುವೆವು. ಮರದ ಅಥವಾ ಅಲ್ಯುಮಿನಿಯಮಿನ ಚೌಕಟ್ಟಿಗೆ ಬಹು ಸಣ್ಣ ಕಣ್ಣಿನ ಬಟ್ಟೆಯನ್ನು ಬಿಗಿಯಾಗಿ ಎಳೆದು ಕಟ್ಟುತ್ತಾರೆ. ಪೂರ್ವದಲ್ಲಿ ಇದು ರೇಷ್ಮೆಯಾಗಿತ್ತು. ಈಗ ನೈಲಾನ್ ಅಥವಾ ಪಾಲಿಯೆಸ್ಟರ್ ಆಗಿದೆ. ಬೆಳಕು ತಾಗಿದರೆ ಗಟ್ಟಿಯಾಗುವ ಒಂದು ಲೇಪವನ್ನು ಕತ್ತಲೆಯಲ್ಲಿ ಅದರ ಮೇಲೆ ಸವರಿ ಒಣಗಿಸಿ, ಚಿತ್ರದ ಕಪ್ಪು ಪ್ರತಿಯನ್ನು ಅದಕ್ಕೆ ಒತ್ತಿಟ್ಟು ಬಿಸಿಲಿಗಾಗಲಿ ದೀಪಕ್ಕಾಗಲಿ ಹಿಡಿಯುತ್ತಾರೆ. ಕಪ್ಪು ಗೆರೆಯು ಮರೆಮಾಡಿದ ಸ್ಥಳದಲ್ಲಿ ಲೇಪವು ಗಟ್ಟಿಯಾಗದೆ ನೀರಿನಲ್ಲಿ ತೊಳೆದುಹೋಗುತ್ತದೆ. ಮಿಕ್ಕಲ್ಲಿ ಬಟ್ಟೆಯ ಕಣ್ಣು ಮುಚ್ಚಿಕೊಳ್ಳುತ್ತದೆ. ತರುವಾಯ ಬಣ್ಣವನ್ನು ಸುರಿದು ರಬ್ಬರಿನ ಪಟ್ಟಿಯಿಂದ ಎಳೆದರೆ ತೆರೆದ ಕಣ್ಣುಗಳಿಂದ ಮಾತ್ರ ಬಣ್ಣವು ಇಳಿದು ಕೆಳಗಿನ ಕಾಗದದ ಮೇಲೆ ಚಿತ್ರವು ಮೂಡುತ್ತದೆ. ಬಣ್ಣವೊಂದಕ್ಕೆ ಚೌಕಟ್ಟು ಒಂದು. ನಾಲ್ಕು ಬಣ್ಣವಾದರೆ ನಾಲ್ಕು ಸಾರಿ ಎಳೆಯಬೇಕು, ಪ್ರತಿ ಸಾರಿಯೂ ಗುರುತಿಗೆ ಗುರುತು ಕೂಡಬೇಕು. ಕತ್ತರಿಸಿದ ತಗಡಿನಿಂದಲೂ ಕಾಗದದಿಂದಲೂ ಬಣ್ಣ ಇಳಿಸುವದು ಬಹು ಹಳೆಯ ಪದ್ಧತಿ. ರೇಷ್ಮೆಯ ಜಾಲರಿಯಿಂದ ಮುದ್ರಿಸುವ ವಿಧಾನಕ್ಕೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಸಾಮ್ಯುವೆಲ್ ಸೈಮನ್ ಎಂಬವನು ೧೯೦೭ರಲ್ಲಿ ಪೇಟೆಂಟ್ ಪಡೆದನು. ದೊಡ್ಡ ಯಂತ್ರವಾಗಲಿ ವಿದ್ಯುತ್ತಾಗಲಿ ಇಲ್ಲದೆ ಒಂದು ಕೋಣೆಯಲ್ಲಿ ನಡೆಯಬಹುದಾದ ಕೆಲಸವಾದದರಿಂದಲೇ ಇದು ಬಡವರ ಕೈಗೂ ಎಟುಕಿತು.

ಆದರೆ ಈ ಸೀಮೆಯಲ್ಲಿ ಅದಕ್ಕೆ ಮೇಸ್ತ್ರಿಯಿಲ್ಲವೆನ್ನುವವನು ಮಳೆಗಾಲವನ್ನು ಮರೆತಿದ್ದಾನೆ. ಜೂನ್ ತಿಂಗಳಿನಿಂದ ಸಪ್ಟಂಬರಿನ ವರೆಗೆ ಕಳಸದಲ್ಲಿಯೂ ಮೂಡಿಗೆರೆಯಲ್ಲಿಯೂ ಮಳೆ ಸುರಿಯುವಾಗ ಲೇಪವು ಒಣಗುವದಿಲ್ಲ, ಮುದ್ರಿಸಿದ ಬಣ್ಣವು ಕೈಗೆ ಹತ್ತುತ್ತದೆ, ಕಾಗದವು ತೇವಕ್ಕೆ ಸುರುಟಿಕೊಂಡು ಎರಡನೆಯ ಬಣ್ಣವು ಮೊದಲನೆಯದಕ್ಕೆ ಕೂಡದೆ ಹೋಗುತ್ತದೆ. ಮದುವೆಯ ಕಾಲವು ಮಳೆಗೆ ಮುಂಚೆ ಮುಗಿಯುತ್ತದೆ. ಅರೇಬಿಕದ ಕುಯ್ಲು ನವೆಂಬರಿನಿಂದ, ರೊಬಸ್ಟದ ಕುಯ್ಲು ಜನವರಿಯಿಂದ ನಡೆಯುವದರಿಂದ ಊರಿನಲ್ಲಿ ಹಣ ಓಡಾಡುವದು ಆ ತಿಂಗಳುಗಳಲ್ಲಿಯೇ. ಹೂಮಳೆ ತಪ್ಪಿ ಬೆಳೆ ಕೆಟ್ಟ ವರುಷ ತೋಟದವನು ಮನೆಗೆ ಬಣ್ಣ ಹೊಡಿಸುವದಿಲ್ಲ, ಅಂಗಡಿಯವನು ಹೊಸ ಹಲಗೆ ಬರೆಸುವದಿಲ್ಲ. ಇದಲ್ಲದೆ ಫ್ಲೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯ ಮುದ್ರಣ ಬಂದಂದಿನಿಂದ, ಕೈಯಿಂದ ಹಲಗೆ ಬರೆಯುತ್ತಿದ್ದ ಅನೇಕರು ಕುಂಚವನ್ನು ಕೆಳಗಿಟ್ಟರು. ೨೦೧೬ರ ಮಾರ್ಚಿನಲ್ಲಿ ನಮ್ಮ ರಾಜ್ಯದ ಸರಕಾರವು ಪ್ಲಾಸ್ಟಿಕ್ ಚೀಲಗಳೊಂದಿಗೆ ಫ್ಲೆಕ್ಸನ್ನೂ ನಿಷೇಧಿಸಿತು. ಆದರೂ ಕಾಯಿದೆ ಬಂದಷ್ಟು ಬೇಗ ಹಳೆಯ ಗಿರಾಕಿಗಳು ಮರಳಿ ಬರುವದಿಲ್ಲ.

ಹೀಗಿರುವಲ್ಲಿ ಒಬ್ಬ ಯಜಮಾನನನ್ನು ಬಿಟ್ಟವನಿಗೆ ನೂರು ಮಂದಿ ಯಜಮಾನರು ಆಗುತ್ತಾರೆಂಬದು ಸ್ಪಷ್ಟವಾಗಿದೆ. ಮಳೆ, ಬೆಳೆ, ಬೆಲೆ, ಗಿರಾಕಿ, ಸಾಲ ಇವೆಲ್ಲಾ ಅವನನ್ನು ಆಳುತ್ತವೆ. ತೋಟದ ಆಳಿಗೆ ವಾರದ ಬಟವಾಡೆಯಾದರೂ ಉಂಟು. ಇವನಿಗೆ ಅದೂ ಇಲ್ಲ. ಆದಕಾರಣ ಯಜಮಾನನಿಲ್ಲದಿರುವದೇ ಸ್ವಾತಂತ್ರ್ಯವೆಂದರೆ ಚಿತ್ರಕಾರನು ಎಲ್ಲರಿಗಿಂತ ಕಡಿಮೆ ಸ್ವತಂತ್ರನು. ಸ್ವಾತಂತ್ರ್ಯವನ್ನು ನಾವು ಬೇರೆ ಕಡೆಯಲ್ಲಿ ಹುಡುಕಬೇಕು. ಮಾಡಬಾರದ ಕೆಲಸವು ಬಾಗಿಲಿಗೆ ಬಂದಾಗ, 'ಇದನ್ನು ನಾನು ಮಾಡೆನು' ಎಂದು ಹೇಳಬಲ್ಲವನೇ ಸ್ವತಂತ್ರನೆಂದು ನಾವು ಹೇಳುವೆವು.

ಅದರಲ್ಲಿಯೂ ಅಚ್ಚು ಹಾಕುವವನಿಗೆ ಈ ಶಕ್ತಿಯು ಹೆಚ್ಚಾಗಿ ಬೇಕು. ಯಾಕಂದರೆ ಗೋಡೆಯ ಮೇಲೆ ಬರೆದ ಸುಳ್ಳು ಒಂದೇ ಗೋಡೆಯಲ್ಲಿ ನಿಲ್ಲುತ್ತದೆ, ಅಚ್ಚಾದ ಸುಳ್ಳು ಐನೂರು ಮನೆಗಳಿಗೆ ಹೋಗುತ್ತದೆ. ಪ್ರತಿಗಳು ಹೆಚ್ಚಿದಂತೆ ಮಾತಿನ ಬಲವೂ ಹೆಚ್ಚುತ್ತದೆಂಬದನ್ನು ಕನ್ನಡಿಗರು ಬಹು ಹಿಂದೆಯೇ ಕಂಡಿದ್ದಾರೆ. ಮಂಗಳೂರಿನಲ್ಲಿ ಬಾಸೆಲ್ ಮಿಶನಿನವರು ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಾಲಯವನ್ನಿಟ್ಟರು. ಅಲ್ಲಿಂದ ೧೮೪೩ನೇ ಜುಲಾಯಿ ೧ರಂದು ಹೆರ್ಮನ್ ಮೋಗ್ಲಿಂಗರು 'ಮಂಗಳೂರ ಸಮಾಚಾರ'ವನ್ನು ಹೊರಡಿಸಿದರು. ಅದು ಕನ್ನಡದ ಮೊದಲನೆಯ ವರ್ತಮಾನ ಪತ್ರಿಕೆ. ರಾಜಾ ರವಿವರ್ಮನು ೧೮೯೪ರಲ್ಲಿ ಮುಂಬಯಿಯಲ್ಲಿ ಮುದ್ರಾಲಯವನ್ನು ಸ್ಥಾಪಿಸಿದ ಮೇಲೆ ಅರಮನೆಯ ಗೋಡೆಯಲ್ಲಿದ್ದಂಥ ಚಿತ್ರಗಳು ಬಡವರ ಮನೆಯ ಗೋಡೆಗೂ ಬಂದವು. ಒಂದು ಕೈಯಿಂದ ಹೊರಟದ್ದು ಸಾವಿರ ಕಣ್ಣುಗಳಿಗೆ ಮುಟ್ಟುವ ಈ ಕೆಲಸದಲ್ಲಿ ಕೈ ಎಷ್ಟು ಚಿಕ್ಕದೋ ಹೊಣೆ ಅಷ್ಟು ದೊಡ್ಡದು.

ನಮ್ಮ ಸೀಮೆಗೆ ತಕ್ಕ ಒಂದು ಉದಾಹರಣೆಯನ್ನು ಇಲ್ಲಿ ಭಾವಿಸೋಣ. ಒಬ್ಬ ವರ್ತಕನು ಬಂದು ಕಾಫಿಪುಡಿಯ ಪೊಟ್ಟಣಗಳ ಮೇಲೆ 'ಶುದ್ಧ ಕಾಫಿ' ಎಂದು ಅಚ್ಚು ಹಾಕಿಕೊಡೆನ್ನುತ್ತಾನೆ. ಅವನ ಗಿರಣಿಯಲ್ಲಿ ಚಿಕೋರಿ ಬೆರೆಸುವರೆಂದು ಪೇಟೆಗೆಲ್ಲಾ ತಿಳಿದಿದೆ. ಚಿಕೋರಿ ಬೆರೆಸುವದು ತಪ್ಪಲ್ಲ. ಅದರ ರುಚಿಯನ್ನೇ ಬಯಸುವವರು ಅನೇಕರಿದ್ದಾರೆ. ಆದರೆ ನಮ್ಮ ದೇಶದ ಆಹಾರದ ನಿಯಮದಂತೆ ಬೆರಕೆಯಲ್ಲಿ ಕಾಫಿಯು ನೂರಕ್ಕೆ ೫೧ಕ್ಕಿಂತ ಕಡಿಮೆಯಿರಕೂಡದು. ಕಾಫಿಯೆಷ್ಟು, ಚಿಕೋರಿಯೆಷ್ಟು ಎಂದು ಪೊಟ್ಟಣದ ಮೇಲೆ ಬರೆದಿರಲೂ ಬೇಕು. ವರ್ತಕನು ಆ ಸಾಲನ್ನು ಬಿಡಿಸಿ, 'ಶುದ್ಧ' ಎಂಬ ಮಾತನ್ನು ದೊಡ್ಡದಾಗಿ ಹಾಕೆನ್ನುತ್ತಾನೆ. ಈಗ ಆಷಾಢದ ಮಳೆ ಹೊಯ್ಯುತ್ತಿದೆ. ತಿಂಗಳಿನಿಂದ ಬೇರೆ ಕೆಲಸವಿಲ್ಲ. ಮಗಳ ಶಾಲೆಯ ಫೀಸು ಕಟ್ಟಬೇಕು. ಚಿತ್ರಕಾರನು ಏನು ಮಾಡತಕ್ಕದ್ದು?

'ನಾನು ಬರೇ ಕೈ. ಮಾತು ಅವನದು, ಪಾಪವೂ ಅವನದು' ಎಂಬ ಉತ್ತರವು ತಟ್ಟನೆ ಬಾಯಿಗೆ ಬರುತ್ತದೆ. ಕತ್ತಿ ಮಾಡಿದ ಕಮ್ಮಾರನು ಕೊಲೆಗೆ ಹೊಣೆಯಾಗನಷ್ಟೆ ಎಂದು ಕೆಲವರು ವಾದಿಸುವರು. ಈ ವಾದದಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಕಮ್ಮಾರನು ಕತ್ತಿಯನ್ನು ಮಾರುವಾಗ ಅದರಿಂದ ಸೊಪ್ಪು ಕಡಿಯುವರೋ ಕೊರಳು ಕಡಿಯುವರೋ ಅರಿಯನು. ಅಚ್ಚು ಹಾಕುವವನಾದರೋ ಸುಳ್ಳನ್ನೇ ಅಕ್ಷರ ಅಕ್ಷರವಾಗಿ ತನ್ನ ಕೈಯಿಂದ ರೂಪಿಸುತ್ತಾನೆ. ಕತ್ತಿಯಿಂದ ಮುಂದೆ ಕೇಡು ಹುಟ್ಟಬಹುದು. ಪೊಟ್ಟಣದ ಮೇಲಿನ ಮಾತಾದರೋ ಬಣ್ಣ ಒಣಗುವದಕ್ಕೆ ಮುಂಚೆಯೇ ಸುಳ್ಳಾಗಿರುತ್ತದೆ.

ರಾಜ್ಯದ ಕಾಯಿದೆಗಳೂ ಮುದ್ರಕನನ್ನು ಬರೇ ಕೈಯೆಂದು ಎಣಿಸಲಿಲ್ಲ. ಈ ದೇಶದಲ್ಲಿ ಮುದ್ರಿತವಾದ ಪ್ರತಿಯೊಂದು ಪುಸ್ತಕದ ಮತ್ತು ಪತ್ರಿಕೆಯ ಮೇಲೆ ಮುದ್ರಕನ ಹೆಸರೂ ಮುದ್ರಿಸಿದ ಸ್ಥಳವೂ ಇರತಕ್ಕದ್ದೆಂದು ೧೮೬೭ರ ಕಾಯಿದೆಯು ವಿಧಿಸಿತ್ತು. ೨೦೨೪ರ ಮಾರ್ಚಿನಲ್ಲಿ ಹೊಸ ಕಾಯಿದೆಯು ಜಾರಿಗೆ ಬರುವ ತನಕ ಅದು ನಡೆದುಬಂತು. ಚುನಾವಣೆಯ ವಿಷಯದಲ್ಲಿ ೧೯೫೧ರ ಪ್ರಜಾಪ್ರಾತಿನಿಧ್ಯ ಕಾಯಿದೆಯ ೧೨೭ಎ ಎಂಬ ಕಲಮು ಈಗಲೂ ನಡೆಯುತ್ತಿದೆ. ಅದರಂತೆ ಚುನಾವಣೆಯ ಕರಪತ್ರ ಮತ್ತು ಭಿತ್ತಿಪತ್ರಗಳ ಮೇಲೆ ಮುದ್ರಕನ ಮತ್ತು ಪ್ರಕಾಶಕನ ಹೆಸರು ವಿಳಾಸಗಳಿರಬೇಕು. ಮುದ್ರಿಸುವ ಮೊದಲು ಪ್ರಕಾಶಕನು ತಾನು ಯಾರೆಂದು ರುಜು ಹಾಕಿ, ತನ್ನನ್ನು ಬಲ್ಲ ಇಬ್ಬರ ಸಾಕ್ಷಿಯೊಡನೆ ಮುದ್ರಕನಿಗೆ ಬರೆದುಕೊಡಬೇಕು. ಮೀರಿದವನಿಗೆ ಆರು ತಿಂಗಳ ವರೆಗೆ ಸೆರೆಯಾಗಲಿ, ಎರಡು ಸಾವಿರ ರೂಪಾಯಿ ವರೆಗೆ ದಂಡವಾಗಲಿ, ಎರಡೂ ಆಗಲಿ ಆಗಬಹುದು. ಕೈಯಿಂದ ನಕಲು ಬರೆಯುವದನ್ನು ಬಿಟ್ಟು ಪ್ರತಿಗಳನ್ನು ಹೆಚ್ಚಿಸುವ ಯಾವ ವಿಧಾನವನ್ನಾದರೂ ಮುದ್ರಣವೆಂದೇ ಆ ಕಲಮು ಎಣಿಸುವದರಿಂದ, ಹಿತ್ತಲ ಕೋಣೆಯ ಸ್ಕ್ರೀನ್ ಅಚ್ಚಿನವನೂ ಅದರೊಳಗೆ ಬರುತ್ತಾನೆ. ಹೆಸರಿಲ್ಲದ ಕೈಯನ್ನು ಕಾಯಿದೆಯು ನಂಬುವದಿಲ್ಲ. ಹೆಸರು ಹಾಕಲು ನಾಚುವ ಕೆಲಸಕ್ಕೆ ಕೈ ಹಾಕಬಾರದೆಂಬ ಬುದ್ಧಿಯನ್ನು ನಾವು ಇದರಿಂದ ಕಲಿಯಬಹುದು.

ಹಾಗಾದರೆ ಬಡ ಚಿತ್ರಕಾರನು ಪ್ರತಿಯೊಬ್ಬ ಗಿರಾಕಿಯನ್ನೂ ನ್ಯಾಯಾಧಿಪತಿಯಂತೆ ವಿಚಾರಿಸಬೇಕೋ? ಅದು ಅವನಿಂದ ಆಗುವದಲ್ಲ, ಆಗತಕ್ಕದ್ದೂ ಅಲ್ಲ. ಹೊಣೆಗೆ ಮೂರು ಮೆಟ್ಟಲುಗಳನ್ನು ನಾವು ಕಾಣುತ್ತೇವೆ. ಮೊದಲನೆಯದು, ಅವನು ತಿಳಿದದ್ದು. ಸುಳ್ಳೆಂದು ತಿಳಿದೂ ಮುದ್ರಿಸಿದರೆ ಹೊಣೆಯು ಪೂರ್ಣವಾಗಿ ಅವನ ಮೇಲೂ ಇದೆ. ವರ್ತಕನ ಪಾಲು ಇವನ ಪಾಲನ್ನು ಕಡಿಮೆ ಮಾಡುವದಿಲ್ಲ. ಎರಡನೆಯದು, ಒಂದು ಮಾತು ಕೇಳಿದ್ದರೆ ತಿಳಿಯಬಹುದಾಗಿದ್ದದ್ದು. ತಿಳಿದರೆ ಕೆಲಸ ಕೈತಪ್ಪೀತೆಂದು ಬೇಕೆಂತಲೇ ಕೇಳದೆ ಬಿಟ್ಟವನು ಕಣ್ಣು ಮುಚ್ಚಿಕೊಂಡು ದಾರಿ ತಪ್ಪಿದವನ ಹಾಗಿದ್ದಾನೆ. ಮೂರನೆಯದು, ಅವನು ತಿಳಿಯಲಾರದ್ದು. ಅದಕ್ಕಾಗಿ ಅವನು ಮನಸ್ಸಿನಲ್ಲಿ ಕುದಿಯಬೇಕಾಗಿಲ್ಲ. ಈ ಮೂರನ್ನು ಬೆರಸಿ, ಎಲ್ಲವೂ ನನ್ನದೇ ಎಂದು ಅಂಜುವವನಿಗೆ ಕೆಲಸ ಸಾಗದು. ಯಾವದೂ ನನ್ನದಲ್ಲವೆಂದು ಕೈ ತೊಳೆಯುವವನಿಗೆ ಮನಸ್ಸಾಕ್ಷಿ ಉಳಿಯದು.

ಇಲ್ಲಿ ನಮ್ಮ ಸಭೆಗಳಲ್ಲಿ ಕೇಳಿಬರುವ ಮತ್ತೊಂದು ಸಂದೇಹವಿದೆ. ನೆರೆಯವರ ಮದುವೆಯ ಕರೆಯೋಲೆಯನ್ನಾಗಲಿ ಊರ ಜಾತ್ರೆಯ ಪತ್ರವನ್ನಾಗಲಿ ನಮ್ಮವನು ಮುದ್ರಿಸಬಹುದೋ? ಈ ವಿಷಯದಲ್ಲಿ ಮನಸ್ಸಾಕ್ಷಿಗಳು ಒಂದೇ ತೆರನಾಗಿಲ್ಲ; ಒಬ್ಬನ ಕೊರಳಿಗೆ ಮತ್ತೊಬ್ಬನ ನೊಗವನ್ನು ನಾವು ಹೊರಿಸೆವು. ಆದರೆ ಎರಡು ಸಂಗತಿಗಳನ್ನು ಕೂಡಿಸಬಾರದು. ಇಂಥ ದಿನ ಇಂಥ ಮನೆಯಲ್ಲಿ ಮದುವೆ ಎಂದು ಮುದ್ರಿಸುವದು ನಿಜವಾದ ವರ್ತಮಾನವನ್ನು ಊರಿಗೆ ತಿಳಿಸುವದಾಗಿದೆ. ಅದರಲ್ಲಿ ಯಾರಿಗೂ ಮೋಸವಿಲ್ಲ. ನೆರೆಯವನ ನಂಬಿಕೆ ನಮ್ಮದಲ್ಲದಿರುವದು ಒಂದು; ನೆರೆಯವನನ್ನು ಮೋಸಗೊಳಿಸುವದು ಬೇರೊಂದು. ಮೊದಲನೆಯದಕ್ಕೆ ಬಾಗಿಲು ಮುಚ್ಚಿ ಎರಡನೆಯದಕ್ಕೆ ಬಾಗಿಲು ತೆರೆದಿಡುವವನ ಭಕ್ತಿಯಲ್ಲಿ ನಮಗೆ ಸಂತೋಷವಿಲ್ಲ.

ಪರರ ಕೆಲಸದ ಮಾತು ಹೀಗಿರಲು, ತನ್ನ ಸ್ವಂತ ಚಿತ್ರಗಳ ವಿಷಯದಲ್ಲಿಯೂ ಅವನು ಪರೀಕ್ಷಿಸಲ್ಪಡುತ್ತಾನೆ. ಸ್ಕ್ರೀನಿನಿಂದ ಮುದ್ರಿಸಿದ ಚಿತ್ರಗಳನ್ನು ಮಾರುವ ಚಿತ್ರಕಾರರು ಪ್ರತಿಯೊಂದರ ಕೆಳಗೆ ಪೆನ್ಸಿಲಿನಿಂದ ಸಂಖ್ಯೆ ಬರೆದು ರುಜು ಹಾಕುತ್ತಾರೆ. ಐವತ್ತರಲ್ಲಿ ಏಳನೆಯದು ಎಂದು ಬರೆದರೆ, ಐವತ್ತಕ್ಕಿಂತ ಹೆಚ್ಚು ಮಾಡೆನೆಂಬ ವಾಗ್ದಾನವು ಅದರಲ್ಲಿ ಅಡಗಿದೆ. ಕೊಂಡವನು ಬೆಂಗಳೂರಿಗೆ ಹೋದ ಮೇಲೆ ಐವತ್ತೊಂದನೆಯದನ್ನು ಎಳೆದರೆ ಕೇಳುವವರು ಯಾರು? ಯಾರೂ ಇಲ್ಲ, ಆದದರಿಂದಲೇ ಅಲ್ಲಿ ಅವನ ಸತ್ಯವು ತೋರಿಬರುತ್ತದೆ. ಹಾಗೆಯೇ ಮತ್ತೊಬ್ಬನ ಚಿತ್ರವನ್ನು ಫೋನಿನಿಂದ ತೆಗೆದು ಅಂಗಿಯ ಮೇಲೆ ಅಚ್ಚು ಹಾಕಿ ಮಾರುವದು ಈಗ ಬಹು ಸುಲಭವಾಗಿದೆ. ಚಿತ್ರವು ಬರೆದವನ ಸ್ವತ್ತು. ೧೯೫೭ರ ಕಾಪಿರೈಟ್ ಕಾಯಿದೆಯಂತೆ ಅವನು ತೀರಿಹೋದ ಮೇಲೂ ಅರುವತ್ತು ವರುಷ ಅದು ಅವನ ಬಾಧ್ಯಸ್ಥರಿಗೆ ಸಲ್ಲುತ್ತದೆ. ಉಡುಪಿಯ ಹತ್ತಿರದ ಕಟ್ಟಿಂಗೇರಿಯಲ್ಲಿ ೧೯೧೧ರಲ್ಲಿ ಹುಟ್ಟಿ ದೇಶದಲ್ಲೆಲ್ಲಾ ಹೆಸರುಗೊಂಡ ಕೆ. ಕೆ. ಹೆಬ್ಬಾರರು ೧೯೯೬ರಲ್ಲಿ ತೀರಿಕೊಂಡರು. ಆದಕಾರಣ ಅವರ ಚಿತ್ರಗಳ ಹಕ್ಕು ೨೦೫೬ರ ಕೊನೆಯ ವರೆಗೆ ನಿಲ್ಲುವದು. ಹೊಲದ ಬೇಲಿಯನ್ನು ದಾಟಿ ಕಾಫಿಹಣ್ಣು ಕೊಯ್ದವನನ್ನು ಕಳ್ಳನೆನ್ನುವ ನಾವು, ಬೇಲಿ ಕಾಣಿಸದೆಂಬ ಕಾರಣಕ್ಕೆ ಇದನ್ನು ಕಳವಲ್ಲವೆನ್ನಬಹುದೋ?

ಇದೆಲ್ಲಾ ಹೇಳುವದು ಸುಲಭ, ಹೊಟ್ಟೆ ಹಸಿದವನಿಗೆ ಮಾಡುವದು ಕಷ್ಟ ಎಂದು ವಾಚಕರು ಹೇಳಾರು. ಅವರ ಮಾತು ನ್ಯಾಯವಾದದ್ದು. ಒಲ್ಲೆನೆನ್ನುವದಕ್ಕೆ ಕ್ರಯವುಂಟು, ಆ ಕ್ರಯವನ್ನು ಅವನೊಬ್ಬನೇ ಅಲ್ಲ, ಅವನ ಹೆಂಡತಿ ಮಕ್ಕಳೂ ತೆರುತ್ತಾರೆ. ಆದಕಾರಣ ಒಲ್ಲೆನೆನ್ನುವ ಶಕ್ತಿಯನ್ನು ಆ ಗಳಿಗೆಯಲ್ಲಿ ಹುಡುಕಿದರೆ ಸಿಕ್ಕದು. ಬೇಸಿಗೆಯಲ್ಲಿ ಸೌದೆ ಕೂಡಿಸಿದಂತೆ ಮುಂಚಿತವಾಗಿಯೇ ಅದನ್ನು ಕೂಡಿಸಿಡಬೇಕು.

ಈ ಸೀಮೆಯಲ್ಲಿಯೇ ಬಾಳಿದ ಒಬ್ಬರ ದೃಷ್ಟಾಂತವು ನಮಗೆ ಸಹಾಯವಾಗುವದು. ಕವಿ ಕುವೆಂಪು ಅವರ ಮಗನಾದ ಪೂರ್ಣಚಂದ್ರ ತೇಜಸ್ವಿಯವರು ಮೈಸೂರಿನಲ್ಲಿ ಓದಿ, ಪೇಟೆಯ ಉದ್ಯೋಗವನ್ನು ಹಿಡಿಯದೆ ಮೂಡಿಗೆರೆಗೆ ಬಂದು ತೋಟ ಮಾಡಿಕೊಂಡು, ೨೦೦೭ರಲ್ಲಿ ತೀರಿಹೋಗುವ ತನಕ ಇಲ್ಲಿಯೇ ಇದ್ದರು. ಕತೆಗಳನ್ನು ಬರೆದರು, ಚಿತ್ರಗಳನ್ನು ಬರೆದರು, ಹಕ್ಕಿಗಳ ಫೋಟೋಗಳನ್ನು ತೆಗೆದರು. 'ಪುಸ್ತಕ ಪ್ರಕಾಶನ' ಎಂಬ ಸ್ವಂತ ಪ್ರಕಾಶನದಿಂದ ತಮ್ಮ ಪುಸ್ತಕಗಳನ್ನು ಹೊರತಂದರು. ಅನ್ನಕ್ಕೆ ತೋಟವಿರುವವನ ಲೇಖನಿಯೂ ಕುಂಚವೂ ಅನ್ನಕ್ಕಾಗಿ ಯಾರ ಮುಂದೆಯೂ ಬಾಗಬೇಕಾಗಿಲ್ಲ. ಎಲ್ಲರಿಗೂ ತೋಟವಿಲ್ಲ ನಿಜ. ಆದರೆ ನಾಲ್ಕು ಕೋಳಿ, ಒಂದು ಹಸು, ಹಿತ್ತಲಲ್ಲಿ ಏರಿಸಿದ ಮೆಣಸಿನ ಬಳ್ಳಿ ಇವೂ ಮಳೆಗಾಲದಲ್ಲಿ ಒಬ್ಬ ಬಡವನ ಬೆನ್ನನ್ನು ನೆಟ್ಟಗೆ ಮಾಡಬಲ್ಲವು. ಅಪೊಸ್ತಲನಾದ ಪೌಲನು ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರೊಡನೆ ಗುಡಾರ ಮಾಡುವ ಕೆಲಸವನ್ನು ನಡಿಸಿದ್ದನ್ನು ನಮ್ಮ ವಾಚಕರು ಬಲ್ಲರು. ಸಭೆಗೆ ಭಾರವಾಗದೆ ಮಾತಾಡಬೇಕೆಂದಿದ್ದವನಿಗೆ ಆ ಸೂಜಿ ನೂಲುಗಳು ಕಾವಲಾಗಿದ್ದವು.

ಇದಕ್ಕೆ ಕೂಡ ಕೆಲವು ಸಣ್ಣ ಬುದ್ಧಿಮಾತುಗಳನ್ನು ಸೇರಿಸುವೆವು. ಚಿತ್ರಕಾರನು ಸಾಲ ಮಾಡಿ ದೊಡ್ಡ ಯಂತ್ರ ಕೊಳ್ಳುವದಕ್ಕೆ ಮೊದಲು, ಆ ಕಂತು ತಿಂಗಳು ತಿಂಗಳು ತನ್ನ ಬಾಯನ್ನು ಕಟ್ಟುವದೋ ಎಂದು ಆಲೋಚಿಸಲಿ. ಕೆಲಸ ಹಿಡಿಯುವಾಗ ಅರ್ಧ ಹಣವನ್ನು ಮುಂಗಡ ತೆಗೆದುಕೊಳ್ಳಲಿ. ಮುದ್ರಿಸತಕ್ಕ ಮಾತುಗಳನ್ನು ಗಿರಾಕಿಯ ಕೈಯಿಂದಲೇ ಬರೆಸಿ ರುಜು ಹಾಕಿಸಲಿ. ಸುಳ್ಳಿನ ಕೆಲಸ ಬಂದಾಗ ಮೊದಲು ಜಗಳ ಮಾಡದೆ ದಾರಿ ತೋರಿಸಲಿ: 'ಅಣ್ಣಾ, ಶುದ್ಧ ಎಂಬದನ್ನು ಬಿಡೋಣ, ಕಾಫಿ ಇಷ್ಟು, ಚಿಕೋರಿ ಇಷ್ಟು ಎಂದು ಅಂದವಾಗಿ ಹಾಕಿಕೊಡುತ್ತೇನೆ' ಎಂದರೆ ಕೆಲವರು ಒಪ್ಪುವರು. ಒಪ್ಪದವನು ಹೋದರೆ ಹೋಗಲಿ. ಅವನು ಬೇರೆ ಕಡೆಯಲ್ಲಿ ಅಚ್ಚು ಹಾಕಿಸುವನು, ಲೋಕದಲ್ಲಿ ಒಂದು ಸುಳ್ಳೂ ಕಡಿಮೆಯಾಗದು ಎಂಬದು ನಿಜ. ಆದರೆ ಆ ಸುಳ್ಳು ನಮ್ಮ ಕೈಯಿಂದ ಆಗಲಿಲ್ಲ. ಲೋಕವನ್ನೆಲ್ಲಾ ತಿದ್ದುವ ಕೆಲಸವು ನಮ್ಮದಲ್ಲ, ನಮ್ಮ ಕೈಯನ್ನು ಕಾಯುವ ಕೆಲಸವು ನಮ್ಮದು.

ಕೊನೆಗೆ ಚಿತ್ರಕಾರರಲ್ಲದ ನಮಗೆಲ್ಲರಿಗೂ ಇದರಲ್ಲಿ ಒಂದು ಪಾಲಿದೆ. ಕೆಲಸ ಮಾಡಿಸಿಕೊಂಡು, 'ಕುಯ್ಲು ಮುಗಿಯಲಿ, ಕೊಡುತ್ತೇವೆ' ಎಂದು ತಿಂಗಳುಗಟ್ಟಲೆ ಅಲೆಸುವವರು ನಮ್ಮಲ್ಲಿಯೂ ಇದ್ದಾರೆ. ಸುಗ್ಗಿಹಬ್ಬಕ್ಕೋ ಕ್ರಿಸ್ಮಸಿಗೋ ಬಟ್ಟೆಯ ಫಲಕ ಬೇಕಾದಾಗ, ದೇವರ ಕೆಲಸವೆಂದು ಹೇಳಿ ಬಿಟ್ಟಿ ಮಾಡಿಸಿಕೊಳ್ಳುವದೂ ಉಂಟು. ಬಣ್ಣದ ಅಂಗಡಿಯವನಾದರೋ ಅವನಿಗೆ ಬಣ್ಣವನ್ನು ಬಿಟ್ಟಿ ಕೊಡುವದಿಲ್ಲ. ನಾವು ತಡೆಹಿಡಿದ ನೂರು ರೂಪಾಯಿ, ಸುಳ್ಳಿನ ವರ್ತಕನು ಬಂದ ದಿನ ಆ ಬಡವನು ಒಲ್ಲೆನೆನ್ನಲು ಬೇಕಾಗಿದ್ದ ನೂರು ರೂಪಾಯಿಯಾಗಿರಬಹುದು. ಅವನು ಸೋತರೆ ಆ ಸೋಲಿನಲ್ಲಿ ನಮ್ಮ ಕೈಯೂ ಇದೆ.

ಆದಕಾರಣ ಸ್ವತಂತ್ರನೆನ್ನಿಸಿಕೊಳ್ಳುವ ಚಿತ್ರಕಾರನು ತನಗೆ ಯಜಮಾನನಿಲ್ಲವೆಂದು ಹಿಗ್ಗದೆ, ತಾನು ಮಾಡಿದ್ದಕ್ಕೆ ತಾನೇ ಉತ್ತರವಾದಿಯೆಂದು ಎಚ್ಚರವಾಗಿರಲಿ. ಹೆಸರು ಹಾಕಿ ನಿಲ್ಲಬಹುದಾದ ಕೆಲಸವನ್ನೇ ಮಾಡಲಿ. ಅವನಿಂದ ಕೆಲಸ ಮಾಡಿಸುವ ನಾವೂ, ಅವನು ಹಾಗೆ ನಿಲ್ಲುವಂತೆ ಅವನ ಕೂಲಿಯನ್ನು ಹೊತ್ತಿಗೆ ಸರಿಯಾಗಿ ಕೊಡೋಣ.